ಮೆಗಾಬಿಟ್ಟಿನ ನೂರು, ಮೆಗಾಬೈಟಿನ ಹನ್ನೆರಡೂವರೆ

ಶಿರಸಿ ಸೀಮೆಯ ನಮ್ಮ ಊರಿಗೆ ಫೈಬರ್ ಕೇಬಲ್ ಬಂದದ್ದು ವಿದ್ಯುತ್ ಕಂಬಗಳನ್ನು ಆಶ್ರಯಿಸಿ, ಅಡಿಕೆ ತೋಟದ ಅಂಚಿನಲ್ಲಿ. ಕಳೆದ ಮಳೆಗಾಲದ ಒಂದು ಸಂಜೆ, ಊರಿನವರೆಲ್ಲ ಭಾವ ಎಂದೇ ಕರೆಯುವ ನೆರೆಮನೆಯ ಹಿರಿಯರು ಇಂಟರ್ನೆಟ್ ಬಿಲ್ಲನ್ನು ಹಿಡಿದು ನಮ್ಮ ಜಗಲಿಗೆ ಬಂದರು. ಬಿಲ್ಲಿನಲ್ಲಿ 100 ಎಂಬಿಪಿಎಸ್ ಎಂದಿತ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೈಲ್ ಒಂದನ್ನು ಇಳಿಸಿಕೊಳ್ಳುವಾಗ ಕಂಡ ವೇಗ ಮಾತ್ರ 11.3. ನೂರಕ್ಕೆ ಹಣ ಕಟ್ಟಿ ಹನ್ನೊಂದನ್ನು ಪಡೆಯುತ್ತಿದ್ದೇನೆ, ದೂರು ಬರೆದುಕೊಡು ಎಂಬುದು ಅವರ ಕೋರಿಕೆ.

ಇದೇ ಭಾವ ಪಹಣಿಯಲ್ಲಿ 2-20 ಎಂದು ಕಂಡರೆ ಅದು ಎರಡೂವರೆ ಎಕರೆ ಎಂದು ತಕ್ಷಣ ಹೇಳಬಲ್ಲರು. ಗುಂಟೆ ನಲವತ್ತಾದರೆ ಎಕರೆ ಒಂದು ಎಂಬ ಲೆಕ್ಕ ಅವರ ರಕ್ತದಲ್ಲಿದೆ. ಬಿಲ್ಲಿನ ನೂರಕ್ಕೂ ಪರದೆಯ ಹನ್ನೊಂದಕ್ಕೂ ನಡುವೆ ಇರುವುದು ಅಂಥದೇ ಲೆಕ್ಕ. ಆದರೆ ಅದನ್ನು ನಮಗೆ ಯಾರೂ ಕಲಿಸಿಲ್ಲ, ನಮ್ಮ ಲಿಪಿ ಅದನ್ನು ಇನ್ನಷ್ಟು ಮರೆಮಾಡಿದೆ. ಇಂಗ್ಲಿಷಿನಲ್ಲಿ ಚಿಕ್ಕ ಬಿ ಬರೆದರೆ ಬಿಟ್, ದೊಡ್ಡ ಬಿ ಬರೆದರೆ ಬೈಟ್. ಕನ್ನಡ ಅಕ್ಷರಗಳಲ್ಲಿ ಚಿಕ್ಕದು ದೊಡ್ಡದೆಂಬ ಭೇದವಿಲ್ಲವಾದ್ದರಿಂದ ಎಂಬಿಪಿಎಸ್ ಎಂದು ಬರೆದಾಗ ಎರಡೂ ಒಂದೇ ಆಗಿ ಕಾಣುತ್ತವೆ. ಕನ್ನಡದಲ್ಲಿ ಬರೆಯುವವರು ಈ ಸಂಕ್ಷೇಪವನ್ನು ಬಿಟ್ಟು, ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಥವಾ ಇಷ್ಟು ಮೆಗಾಬೈಟ್ ಎಂದು ಪೂರ್ತಿಯಾಗಿ ಬರೆಯಲೇಬೇಕೆಂದು ನನ್ನ ಖಚಿತ ಅಭಿಪ್ರಾಯ.

ಬಿಟ್ ಎಂದರೆ ಸೊನ್ನೆ ಅಥವಾ ಒಂದು, ಅಷ್ಟೇ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರ ತಮ್ಮ ಪ್ರಬಂಧದಲ್ಲಿ ಈ ಪದವನ್ನು ಬಳಸಿ, ಅದನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ದಾಖಲಿಸಿದರು. ಬಿಟ್‌ಗಳ ಗುಂಪಿಗೆ ಬೈಟ್ ಎಂಬ ಹೆಸರನ್ನು 1956ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನ ವರ್ನರ್ ಬುಕ್‌ಹೋಲ್ಜ್ ಕೊಟ್ಟರು. ಒಂದು ಬೈಟಿಗೆ ಎಂಟು ಬಿಟ್ ಎಂಬ ಇಂದಿನ ಲೆಕ್ಕ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಆರು ಬಿಟ್‌ಗಳಿಗೆ ಒಂದು ಅಕ್ಷರವನ್ನು ಹೊಂದಿಸಿದ ಯಂತ್ರಗಳೂ ಇದ್ದವು. ತಂತಿಗೆ ಆ ಗೊಡವೆ ಇಲ್ಲ. ಅದು ಸಂಕೇತಗಳನ್ನು ಒಂದರ ಹಿಂದೊಂದು ಸಾಗಿಸುತ್ತದೆ, ಆದ್ದರಿಂದ ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ ಅಳೆಯುವ ರೂಢಿ ಉಳಿಯಿತು. ಸಂಗ್ರಹಿಸುವ ಯಂತ್ರ ಬೈಟನ್ನು ಘಟಕವಾಗಿ ಹಿಡಿಯಿತು.

ಎಂಟರ ಲೆಕ್ಕವನ್ನು ನಮ್ಮ ಅಕ್ಷರಗಳಲ್ಲೇ ನೋಡಬಹುದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಕಾಗುಣಿತದ ಚಿಹ್ನೆಗೂ ಅಷ್ಟೇ. ಕಾರವಾರ ಎಂಬ ಹೆಸರಿನಲ್ಲಿ ಕ, ಅದರ ದೀರ್ಘ, ರ, ವ, ಅದರ ದೀರ್ಘ, ರ ಹೀಗೆ ಆರು ಸಂಕೇತಗಳು; ಎಂದರೆ 18 ಬೈಟ್, 144 ಬಿಟ್. ಶಿರಸಿಗೆ ಐದು ಸಂಕೇತ, 15 ಬೈಟ್, 120 ಬಿಟ್ ಸಾಕು.

ಈಗ ಬಿಲ್ಲಿಗೆ ಬರೋಣ. ನೂರು ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ಇಷ್ಟಕ್ಕೇ ಭಾವನ ಸಿಟ್ಟು ಬಹುಪಾಲು ಇಳಿಯಿತು, ಆದರೆ ಅವರು ಉಳಿದ ಒಂದು ಚಿಲ್ಲರೆಯನ್ನು ಬಿಡುವವರಲ್ಲ. ಅಡಿಕೆ ವ್ಯಾಪಾರದಲ್ಲಿ ಚೀಲದ ತೂಕವನ್ನು ಕಳೆದೇ ಅಡಿಕೆಯ ತೂಕ ಹಿಡಿಯುವಂತೆ ಇಲ್ಲಿಯೂ ಒಂದು ಚೀಲವಿದೆ. ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ತಂತಿಯಲ್ಲಿ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತದೆ. 1,460 ಬೈಟ್ ಫೈಲನ್ನು ಸಾಗಿಸಲು ವಿಳಾಸ, ಕ್ರಮಸಂಖ್ಯೆ, ದೋಷ ಹಿಡಿಯುವ ಅಂಕೆಗಳು ಮತ್ತು ಕಟ್ಟುಗಳ ನಡುವಿನ ಬಿಡುವು ಎಲ್ಲ ಸೇರಿ 1,538 ಬೈಟಿನ ಜಾಗ ಹೋಗುತ್ತದೆ. ಹಾಗಾಗಿ 12.5 ಎಂಬುದು ಸುಮಾರು 11.87 ಆಗುತ್ತದೆ. ಇನ್ನುಳಿದದ್ದು ಸಾವಿರದ ಗೊಂದಲ. ಸಂಪರ್ಕದ ಲೆಕ್ಕದಲ್ಲಿ ಮೆಗಾ ಎಂದರೆ ಹತ್ತು ಲಕ್ಷ. ಕೆಲವು ತಂತ್ರಾಂಶಗಳು ಮಾತ್ರ 1,024ನ್ನು 1,024ರಿಂದ ಗುಣಿಸಿದ 10,48,576 ಬೈಟನ್ನೇ ಒಂದು ಮೆಗಾಬೈಟ್ ಎಂದು ತೋರಿಸುತ್ತವೆ. ಈ ದೊಡ್ಡ ಅಳತೆಗೆ ಮೆಬಿಬೈಟ್ ಎಂಬ ಬೇರೆ ಹೆಸರನ್ನು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲೇ ಗೊತ್ತುಮಾಡಿದೆ, ಆದರೆ ಬಳಕೆಯಲ್ಲಿ ಅದು ಅಪರೂಪ. 11.87ನ್ನು ಈ ದೊಡ್ಡ ಸೇರಿನಲ್ಲಿ ಅಳೆದರೆ ಸಿಗುವುದು 11.3. ಪರದೆಯ ಮೇಲಿದ್ದದ್ದು ಅದೇ. ದೂರಿನ ಕಾಗದ ಖಾಲಿಯಾಗಿಯೇ ಉಳಿಯಿತು.

ಸಮಯದ ಅಂದಾಜು ಬೇಕಾದಾಗ ಫೈಲಿನ ಗಾತ್ರವನ್ನು ಎಂಟರಿಂದ ಗುಣಿಸಿ ಬಿಟ್ ಮಾಡಿಕೊಂಡು ವೇಗದಿಂದ ಭಾಗಿಸುವುದು ಸುಲಭ. ಭಾವನ ಸಂಪರ್ಕದಲ್ಲಿ ಫೈಲ್ ಕಳಿಸುವ ವೇಗ ಸೆಕೆಂಡಿಗೆ 20 ಮೆಗಾಬಿಟ್. ಯಕ್ಷಗಾನದ ಒಂದು ಧ್ವನಿಚಿತ್ರ 4.5 ಗಿಗಾಬೈಟ್, ಎಂದರೆ 4,500 ಮೆಗಾಬೈಟ್ ಇದ್ದರೆ ಅದು 36,000 ಮೆಗಾಬಿಟ್. 1,800 ಸೆಕೆಂಡು, ಎಂದರೆ ಅರ್ಧ ಗಂಟೆ. ಚೀಲದ ತೂಕ ಸೇರಿಸಿದರೆ ಇನ್ನೊಂದೆರಡು ನಿಮಿಷ.

ಅವರ ಸಂಗ್ರಹ ಮಾತ್ರ ಒಂದಲ್ಲ, ವರ್ಷಗಟ್ಟಲೆ ಡಿಸ್ಕಿನಲ್ಲಿ ಕೂಡಿಸಿದ ಒಂದು ಟೆರಾಬೈಟ್, ಎಂದರೆ ಸಾವಿರ ಗಿಗಾಬೈಟ್. ಅದನ್ನು ಕಾರವಾರದಲ್ಲಿರುವ ತಂಗಿಗೆ ಕಳಿಸಬೇಕಿತ್ತು. 80 ಲಕ್ಷ ಮೆಗಾಬಿಟ್ಟನ್ನು 20ರಿಂದ ಭಾಗಿಸಿದಾಗ 4 ಲಕ್ಷ ಸೆಕೆಂಡು ಬಂತು; ನಾಲ್ಕೂವರೆ ದಿನಕ್ಕೂ ಹೆಚ್ಚು, ಅದೂ ಕರೆಂಟು ಹೋಗದಿದ್ದರೆ. ಅದೇ ಡಿಸ್ಕನ್ನು ಕೈಚೀಲದಲ್ಲಿಟ್ಟು ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಹಾದು ನಾಲ್ಕು ಗಂಟೆಯಲ್ಲಿ ಕಾರವಾರ ತಲುಪಿದರೆ ಸೆಕೆಂಡಿಗೆ ಸುಮಾರು 555 ಮೆಗಾಬಿಟ್ ಸಾಗಿಸಿದಂತಾಯಿತು. ಮೊದಲ ಬಿಟ್ ತಲುಪಲು ನಾಲ್ಕು ಗಂಟೆ ಕಾಯಬೇಕು, ಆದ್ದರಿಂದ ಫೋನಿನ ಮಾತಿಗೆ ಈ ದಾರಿ ಒದಗದು. ಸಂಗ್ರಹಕ್ಕೆ ಅದರಿಂದ ತೊಂದರೆಯಿಲ್ಲ. ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ ಭಾವ, ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.