ಸ್ಟ್ರೋಕ್ ಆಗಿದ್ದು ತಲೆಗೆ, ಎದೆಗ್ಯಾಕೆ ವೈರು?

ಕುಮಟಾದ ಒಬ್ರು ಕೇಳಿದಾರೆ: "ಅಮ್ಮಂಗೆ ಪಾರ್ಶ್ವವಾಯು ಆಗಿ ಐಸಿಯುದಲ್ಲಿದಾರೆ. ಹಾರ್ಟ್ ಪ್ರಾಬ್ಲಮ್ ಯಾವತ್ತೂ ಇರ್ಲಿಲ್ಲ, ಈಗ ಇಸಿಜಿ ಸರಿ ಇಲ್ಲ ಅಂತಿದಾರೆ. ಪೆಟ್ಟು ಬಿದ್ದಿದ್ದು ತಲೆಗಲ್ವಾ, ಹಾರ್ಟಿಗೆ ಏನಾಯ್ತು?"

ಇದೇ ಪ್ರಶ್ನೆ ನಾನೂ ಕೇಳಿದ್ದೆ. ಶಿರಸಿ ಹತ್ರ ನಮ್ಮ ಸೋದರತ್ತೆ ಮನೇಲಿ ಅಡಿಕೆ ಸುಲಿಯೋ ಟೈಮು, ರಾತ್ರಿ ಊಟ ಮುಗ್ಸಿ ಎಲ್ರೂ ಮೆಟ್ಟುಗತ್ತಿ ಮುಂದೆ ಕೂತಿದ್ರು, ಅತ್ತೆ ಎಡಗೈಯಿಂದ ಅಡಿಕೆ ಜಾರಿ ಬಿತ್ತು, ಎತ್ಕೊಂಡ್ರು, ಮತ್ತೆ ಬಿತ್ತು, ಮೂರನೇ ಸಲ "ಕೈ ಎತ್ತಲೆ ಆಗ್ತಿಲ್ಲೆ" ಅಂದ್ರು, ಆ ಮಾತೂ ತೊದಲ್ತಿತ್ತು. ಅಲ್ಲಿಂದ ಹುಬ್ಬಳ್ಳಿಗೆ ಹತ್ರಹತ್ರ 100 ಕಿಲೋಮೀಟರ್, ಆ ದಾರಿ ನೆನಪಾದ್ರೆ ಈಗ್ಲೂ ಹೊಟ್ಟೆ ತೊಳಸತ್ತೆ. ಮಾರನೇ ದಿನ ಮಾನಿಟರ್ ಕೂಗೋಕೆ ಶುರು, ಬಡಿತ ಒಮ್ಮೆ ಏರತ್ತೆ, ಒಮ್ಮೆ ಇಳಿಯತ್ತೆ. ಸ್ಕ್ಯಾನ್ ತೋರ್ಸಿ ಡಾಕ್ಟ್ರು ಹೇಳಿದ ಹೆಸರು ಇನ್ಸುಲಾ.

ಇನ್ಸುಲಾ ಅಂದ್ರೆ ಲ್ಯಾಟಿನ್‌ನಲ್ಲಿ ದ್ವೀಪ. ಕಾರವಾರದ ಬೀಚಲ್ಲಿ ನಿಂತ್ರೆ ಕೂರ್ಮಗಡ ಕಾಣತ್ತಲ್ಲ, ಈ ದ್ವೀಪ ಹಾಗೆ ಕಾಣೋದಲ್ಲ, ಕಿವಿಯ ಮೇಲ್ಗಡೆ ಒಳಗೆ ಮೆದುಳಿನ ದೊಡ್ಡ ಸೀಳೊಂದರ ಆಳದಲ್ಲಿ ಮಡಿಕೆಗಳ ಅಡಿಗೆ ಅಡಗಿದೆ, ಎಡಕ್ಕೊಂದು ಬಲಕ್ಕೊಂದು. ಹೊಟ್ಟೆ ಹಸಿವು, ನೋವು, ಉಸಿರು, ಎದೆಬಡಿತ, ಹೀಗೆ ಮೈ ಒಳಗಿನ ಸುದ್ದಿಯೆಲ್ಲಾ ಬಂದು ಸೇರೋ ಜಾಗ ಅದು. ಸುದ್ದಿ ಬರೀ ಒಳಗೆ ಬರೋದಷ್ಟೇ ಅಲ್ಲ, ಇಲ್ಲಿಂದ ವಾಪಸ್ ಆರ್ಡರೂ ಹೋಗತ್ತೆ.

ಹೃದಯಕ್ಕೆ ಬಡ್ಕೊಳ್ಳೋಕೆ ಮೆದುಳು ಬೇಕಿಲ್ಲ, ಅದರೊಳಗೇ ತಾಳ ಹಾಕೋ ಸ್ವಂತ ಪೇಸ್‌ಮೇಕರ್ ಒಂದು ಇದೆ. ಅದರ ಪಾಡಿಗೆ ಬಿಟ್ರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯತ್ತೆ, ವೇಗಸ್ ನರ ಎಳೆದು ಹಿಡ್ಕೊಂಡಿರೋದಕ್ಕೆ 70ರ ಆಸುಪಾಸು ಇರತ್ತೆ. ಓಡಿದಾಗ ಹೆದರಿದಾಗ ಸಿಂಪಥೆಟಿಕ್ ನರಗಳು ಬಡಿತ ಏರಿಸ್ತವೆ. ಈ ಎರಡೂ ಹಗ್ಗದ ತುದಿ ಮೆದುಳಿನ ಬುಡದಲ್ಲಿದ್ರೂ, ಯಾವಾಗ ಎಷ್ಟು ಎಳೀಬೇಕು ಅನ್ನೋದಕ್ಕೆ ಮೇಲಿಂದ ಮಾತು ಹೇಳೋರಲ್ಲಿ ಇನ್ಸುಲಾ ಮುಖ್ಯ.

ಇದು ಊಹೆ ಅಲ್ಲ ಮಾರಾಯ್ರೆ. 1992ರಲ್ಲಿ ಕೆನಡಾದಲ್ಲಿ ಒಪೆನ್‌ಹೈಮರ್ ಮತ್ತು ಜೊತೆಯವರು ಮೂರ್ಛೆರೋಗಕ್ಕೆ ಆಪರೇಷನ್ ಆಗ್ತಿದ್ದ 5 ಜನರ ಇನ್ಸುಲಾಕ್ಕೆ ಸಣ್ಣ ಕರೆಂಟ್ ಕೊಟ್ಟು ನೋಡಿದ್ರು. ಬಲಗಡೆ ಮುಟ್ಟಿದ್ರೆ ಬಡಿತ, ಬಿಪಿ ಏರೋದು ಹೆಚ್ಚು, ಎಡಗಡೆ ಮುಟ್ಟಿದ್ರೆ ಇಳಿಯೋದು ಹೆಚ್ಚು. ನಂತರದ ಪರೀಕ್ಷೆಗಳಲ್ಲಿ ಎಲ್ಲರಲ್ಲೂ ಹೀಗೇ ಬಂದಿಲ್ಲ, ಅದಕ್ಕೇ ಬಲ ಅಂದ್ರೆ ಏರು ಎಡ ಅಂದ್ರೆ ಇಳಿತ ಅಂತ ಬಾಯಿಪಾಠ ಮಾಡ್ಬೇಡಿ, ಆದ್ರೆ ಅಲ್ಲಿ ಮುಟ್ಟಿದ್ರೆ ಎದೆ ಓಗೊಡತ್ತೆ ಅನ್ನೋದು ಮಾತ್ರ ಗಟ್ಟಿ.

ಈಗ ನಿಮ್ಮ ಅಮ್ಮನ ವಿಷ್ಯ. ಸ್ಟ್ರೋಕ್‌ನಲ್ಲಿ ಹೆಚ್ಚಾಗಿ ಕಟ್ಟಿಕೊಳ್ಳೋ ಮಧ್ಯದ ದೊಡ್ಡ ರಕ್ತನಾಳ ಇದ್ಯಲ್ಲ, ಇನ್ಸುಲಾಕ್ಕೆ ರಕ್ತ ಕೊಡೋದೂ ಅದರ ಕವಲುಗಳೇ. ಆ ಜಾಗಕ್ಕೆ ಏಟು ಬಿದ್ರೆ ಹಗ್ಗದ ಹಿಡಿತ ತಪ್ಪತ್ತೆ, ಸಿಂಪಥೆಟಿಕ್ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಅನ್ನೋ ಬಡಿತ ಏರಿಸೋ ರಾಸಾಯನಿಕ ನೇರ ಹೃದಯದ ಸ್ನಾಯು ಮೇಲೇ ಸುರಿಯತ್ತೆ, ಬಡಿತ ತಾಳ ತಪ್ಪತ್ತೆ, ಇಸಿಜಿ ಗೆರೆ ಬದಲಾಗತ್ತೆ, ಹೃದಯದ ಸ್ನಾಯುಗೆ ಪೆಟ್ಟಾದ್ರೆ ರಕ್ತಕ್ಕೆ ಸೋರೋ ಟ್ರೋಪೋನಿನ್ ಕೂಡ ಏರಬಹುದು, ಹೃದಯದ ನಾಳದಲ್ಲಿ ಬ್ಲಾಕ್ ಒಂದೂ ಇಲ್ಲದೆ. ಮೊದಲ 3 ದಿನವೇ ಅಪಾಯ ಜಾಸ್ತಿ, ವೈರು ಹಾಕೋದು ಅದಕ್ಕೇ. ತೀರಾ ದುಃಖದಲ್ಲಿ ಹೃದಯ ಕೆಲ ಕಾಲ ಸೋತು ಹೋಗೋ ಟಾಕೋಟ್ಸುಬೊ ಅಂತ ಕಾಯಿಲೆ ಇದೆ, 1990ರಲ್ಲಿ ಜಪಾನಿನಲ್ಲಿ ಹೆಸರಿಟ್ಟಿದ್ದು, ಅದರಲ್ಲೂ ಹೆಚ್ಚುಕಡಿಮೆ ಇದೇ ದಾರಿ.

ಉಲ್ಟಾನೂ ಇರತ್ತೆ. ಹೃದಯದ ಮೇಲಿನ ಕೋಣೆ ಏಟ್ರಿಯಲ್ ಫಿಬ್ರಿಲೇಷನ್ (ಎಎಫ್) ಆಗಿ ಅದುರ್ತಾ ಇದ್ರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಸ್ಟ್ರೋಕ್ ಮಾಡತ್ತೆ. ಇದಕ್ಕೆ ರಕ್ತ ತೆಳು ಮಾಡೋ ಔಷಧಿ ಬೇಕಾಗತ್ತೆ, ಹಾಗಾಗಿ ರೌಂಡ್ಸಿಗೆ ಬಂದಾಗ "ಎಎಫ್ ಇದ್ಯಾ, ಮೊದಲೇ ಇತ್ತಾ ಈಗ ಬಂದಿದ್ದಾ" ಅಂತ ತಪ್ಪದೇ ಕೇಳಿ. ನಮ್ಮತ್ತೆಗೆ ನಾಲ್ಕನೇ ದಿನ ವೈರು ತೆಗೆದ್ರು, ಗೆರೆ ಸರಿಯಾಗಿತ್ತು. ಎಡಗೈ ಇನ್ನೂ ಪೂರ್ತಿ ಬಂದಿಲ್ಲ.