ಸಾಲಿನೊಳಗೆ ಉಸಿರಿಗೆ ಜಾಗ: ಸ್ವಂತ ಹಾಡು ಕಟ್ಟುವವರಿಗೆ ಅಧ್ಯಯನ ಟಿಪ್ಪಣಿ

ಕೋಲಾರದ ಸುತ್ತಮುತ್ತ ಯಾವ ಕಂಪನಿಯ ಆಸರೆಯೂ ಇಲ್ಲದೆ ತಾವೇ ಸಾಹಿತ್ಯ ಬರೆದು, ತಾವೇ ಮಟ್ಟು ಹಾಕಿ, ತಾವೇ ಹಾಡುತ್ತಿರುವ ಗೆಳೆಯ ಗೆಳತಿಯರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಹಾಡುಗಾರಿಕೆ ಒಂದು ಪಾಠ, ಸಾಹಿತ್ಯ ರಚನೆ ಮತ್ತೊಂದು ಪಾಠ ಎಂದು ಬೇರೆಬೇರೆಯಾಗಿ ಕಲಿಯುವುದು ನಮ್ಮಲ್ಲಿ ರೂಢಿ. ಎರಡನ್ನೂ ಒಬ್ಬರೇ ಮಾಡುವಾಗ ಈ ವಿಂಗಡಣೆ ಉಪಯೋಗಕ್ಕಿಂತ ತೊಡಕನ್ನೇ ಹೆಚ್ಚು ತರುತ್ತದೆ. ಉಸಿರು ಸಾಲುವುದಿಲ್ಲ, ಮೇಲಿನ ಸ್ವರದಲ್ಲಿ ಗಂಟಲು ಹಿಡಿಯುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ ಎಂಬ ದೂರುಗಳಲ್ಲಿ ಬಹುಪಾಲು ಗಂಟಲಿನ ದೋಷವಲ್ಲ, ಸಾಲಿನ ದೋಷ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಸಾಧನೆಯನ್ನು ಹೆಚ್ಚಿಸುವ ಮೊದಲು ಬರೆದ ಸಾಲನ್ನು ಬಿಚ್ಚಿ ನೋಡುವುದನ್ನು ಕಲಿಯೋಣ.

ಮಾತ್ರೆಯ ಲೆಕ್ಕ

ಶಾಲೆಯಲ್ಲಿ ಪರೀಕ್ಷೆಗೆಂದು ಕಲಿತ ಲಘು, ಗುರುಗಳು ಹಾಡು ಕಟ್ಟುವವರಿಗೆ ದಿನನಿತ್ಯದ ಸಲಕರಣೆಗಳು. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ, ಅಂದರೆ ಒಂದು ಅಳತೆಯ ಕಾಲ. ದೀರ್ಘಾಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಮತ್ತು ಅನುಸ್ವಾರವಿರುವ ಅಕ್ಷರಕ್ಕೆ ಎರಡು ಮಾತ್ರೆ, ಇವು ಗುರು. ಶ್ರೀನಿವಾಸಪುರದ ಮಾವಿನ ತೋಪುಗಳನ್ನು ನೆನೆದು ಎರಡು ಸಾಲು ಕಟ್ಟಿಕೊಳ್ಳೋಣ:

ಮಾವಿನ ತೋಪಿನ ನೆರಳಲಿ ನಿಂತೆ
ಹೂವಿನ ಕಾಲಕೆ ಮಳೆ ಬಿದ್ದಿತ್ತು

ಮೊದಲ ಸಾಲಿನಲ್ಲಿ "ಮಾವಿನ", "ತೋಪಿನ", "ನೆರಳಲಿ" ಎಂಬ ಮೂರೂ ನಾಲ್ಕು ಮಾತ್ರೆಯ ಗಣಗಳು. "ನಿಂತೆ" ಎಂಬಲ್ಲಿ ಮೂರು ಮಾತ್ರೆಗಳಿದ್ದು, ಸಾಲಿನ ಕೊನೆಯಾದ್ದರಿಂದ ಒಂದು ಮಾತ್ರೆ ಎಳೆತಕ್ಕೋ ಉಸಿರಿಗೋ ಉಳಿಯುತ್ತದೆ. ಒಟ್ಟು ಹದಿನಾರು ಮಾತ್ರೆ, ಅಂದರೆ ತಾಳದ ಒಂದೊಂದು ಎಣಿಕೆಗೆ (ಅಕ್ಷರಕಾಲಕ್ಕೆ) ಎರಡು ಮಾತ್ರೆಯಂತೆ, ಎಂಟು ಎಣಿಕೆಯ ಆದಿತಾಳದ ಒಂದು ಆವರ್ತ, ಒಂದು ಸುತ್ತು. ಕೈಯಲ್ಲಿ ತಾಳ ಹಾಕಿ ಹೇಳಿ ನೋಡಿದರೆ ಪೆಟ್ಟು ಬೀಳುವ ಒಂದನೆಯ, ಐದನೆಯ ಮತ್ತು ಏಳನೆಯ ಅಕ್ಷರಕಾಲಗಳಲ್ಲಿ ಕ್ರಮವಾಗಿ "ಮಾ", "ನೆ", "ನಿಂ" ಬರುತ್ತವೆ. ಮೂರೂ ಪದಗಳ ಆರಂಭವಾದ್ದರಿಂದಲೇ ಈ ಸಾಲು ಮೊದಲ ಸಲಕ್ಕೇ ಬಾಯಿಗೆ ಕೂರುತ್ತದೆ. ಪ್ರತಿ ಪೆಟ್ಟೂ ಪದದ ಆರಂಭಕ್ಕೇ ಬೀಳಬೇಕೆಂಬ ನಿಯಮವೇನೂ ಇಲ್ಲ. ಪದದ ನಡುವಿನ ಗುರುವಿನ ಮೇಲೆ ಬಿದ್ದರೂ ಕಿವಿ ಒಪ್ಪುತ್ತದೆ. ಆದರೆ ಪದದ ನಡುವಿನ ಲಘುವಿನ ಮೇಲೆ ಬಲವಾದ ಪೆಟ್ಟು ಬಿದ್ದಾಗ ಕೇಳುಗರು ಕ್ಷಣಕಾಲ ಅರ್ಥವನ್ನು ಹುಡುಕಬೇಕಾಗುತ್ತದೆ.

ಇದೇ ಕಾರಣದಿಂದ, ಮೊದಲೇ ಸಿದ್ಧವಾದ ಟ್ರ್ಯಾಕಿಗೆ ಸಾಹಿತ್ಯ ತುಂಬುವಾಗ ಎಚ್ಚರ ಬೇಕು. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. "ಕೆರೆಯ ಏರಿಯ ಮೇಲೆ ನಡೆಯುತ" ಎಂಬ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ನಡಿಗೆಯದು. ಭಾಮಿನಿ ಷಟ್ಪದಿಯ ಮೊದಲ ಸಾಲಿನ ಲೆಕ್ಕವೂ ಅದೇ, ಏಳು ಎಣಿಕೆಯ ಮಿಶ್ರಛಾಪು ತಾಳದ ಎರಡು ಆವರ್ತದ ಲೆಕ್ಕವೂ ಅದೇ. ಇದನ್ನು ಮೊದಲ ಸ್ವರ ಉದ್ದವಾಗಿರುವ ಮಟ್ಟಿನೊಳಗೆ ಬಲವಂತವಾಗಿ ಕೂರಿಸಿದರೆ ಕೆರೆ ಹೋಗಿ ಕೇರೆಹಾವು ಬರುತ್ತದೆ. ಕೆರೆಗಳ ಜಿಲ್ಲೆಯವರಾದ ನಾವು ಈ ತಪ್ಪಿಗೆ ಅವಕಾಶ ಕೊಡಬಾರದು. ಮಟ್ಟನ್ನು ಬದಲಿಸಲಾಗದಿದ್ದರೆ ಪದವನ್ನೇ ಬದಲಿಸಬೇಕು.

ನಡೆ ಗಟ್ಟಿಯಾಗಲು ತಮಟೆಯನ್ನು ಹತ್ತಿರದಿಂದ ಕೇಳುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಇದೇ ವಾದ್ಯದ ಸಾಧನೆಗಾಗಿ. ಗತಿಯನ್ನು ಟಿಕ್ ಟಿಕ್ ಎಂದು ಎಣಿಸುವ ಮೆಟ್ರೋನೋಮ್ ಕಾಲಪ್ರಮಾಣವನ್ನು ಮಾತ್ರ ಕಾಯುತ್ತದೆ. ತಮಟೆಯಾದರೋ ಯಾವ ಪೆಟ್ಟು ಭಾರ, ಯಾವುದು ಹಗುರ ಎಂಬುದನ್ನೂ ಕಲಿಸುತ್ತದೆ.

ಎಳೆಯಬಹುದಾದ ಅಕ್ಷರ, ಎಳೆಯಲಾಗದ ಅಕ್ಷರ

ಎರಡನೆಯ ಸಾಲಿನ "ಬಿದ್ದಿತ್ತು" ಎಂಬ ಪದವನ್ನು ಗಮನಿಸಿ. ಲೆಕ್ಕದ ಪ್ರಕಾರ "ಬಿ" ಮತ್ತು "ದ್ದಿ" ಎರಡೂ ಗುರುಗಳು. ಆದರೆ ಅವುಗಳ ಸ್ವರಾಕ್ಷರ ಹ್ರಸ್ವ. ಎರಡು ಮಾತ್ರೆ ತುಂಬಬೇಕೆಂದು ಸ್ವರಾಕ್ಷರವನ್ನೇ ಎಳೆದರೆ "ಬೀದೀತು" ಎಂದು ಕೇಳಿಸುತ್ತದೆ. ಇಂಥಲ್ಲಿ ಗುರುವಿನ ಉಳಿದ ಕಾಲವನ್ನು ತುಂಬುವುದು ವ್ಯಂಜನ. ನ್, ಮ್, ಲ್, ಳ್ ಎಂಬ ವ್ಯಂಜನಗಳಲ್ಲಿ ನಾದ ಹರಿಯುತ್ತದೆ, ಹಾಗಾಗಿ "ನಿಂತೆ", "ಹಳ್ಳಿ", "ಅಮ್ಮ" ಎಂಬ ಪದಗಳನ್ನು ಆ ವ್ಯಂಜನದ ಮೇಲೆಯೇ ನಿಲ್ಲಿಸಿ ಹಾಡಬಹುದು. ಕ್, ಟ್, ತ್, ಪ್ ಎಂಬಲ್ಲಿ ನಾದ ಪೂರ್ತಿಯಾಗಿ ನಿಲ್ಲುತ್ತದೆ, ಅಲ್ಲಿ ಮೌನವೇ ಆ ಮಾತ್ರೆ. ಆ ಮೌನಕ್ಕೆ ಹೆದರಬೇಕಾಗಿಲ್ಲ. ವೇಗದ ಹಾಡಿನಲ್ಲಿ "ಬಿದ್ದಿತ್ತು" ಎಂಬ ಪದ ಬಹಳ ಚೆನ್ನಾಗಿ ಕುಣಿಯುತ್ತದೆ, ನಿಧಾನಗತಿಯ ಮಟ್ಟಿನಲ್ಲಿ ಮಾತ್ರ ಅದು ಮುಗ್ಗರಿಸುತ್ತದೆ.

ಇನ್ನೊಂದು ತೊಡಕು ಕೊನೆಯ ಉಕಾರದ್ದು. ಕನ್ನಡದ ಪದಗಳು ಸಾಮಾನ್ಯವಾಗಿ ಉ, ಇ, ಎ ಕಾರಗಳಲ್ಲಿ ಮುಗಿಯುತ್ತವೆ, ಮಟ್ಟಿನ ಉದ್ದನೆಯ ಸ್ವರವೋ ಸಾಲಿನ ಕೊನೆಯಲ್ಲೇ ಬಂದು ಕೂರುತ್ತದೆ. ತಾರಷಡ್ಜದಲ್ಲಿ (ಮೇಲಿನ ಸ ಸ್ವರದಲ್ಲಿ) ಉಕಾರವನ್ನೋ ಇಕಾರವನ್ನೋ ಹಿಡಿದು ನಿಲ್ಲಿಸುವುದು ಹೊಸಬರಿಗೆ ಕಷ್ಟ, ಬಾಯಿ ಕಿರಿದಾದಂತೆ ಗಂಟಲೂ ಬಿಗಿಯುತ್ತದೆ. ಆದ್ದರಿಂದ ಮಟ್ಟಿನ ಅತಿ ಎತ್ತರದ ಸ್ವರ ಎಲ್ಲಿದೆಯೆಂದು ಮೊದಲು ಗುರುತು ಮಾಡಿ, ಅಲ್ಲಿ ಆಕಾರವೋ ಓಕಾರವೋ ಬರುವಂತೆ ಸಾಲನ್ನು ತಿದ್ದಬೇಕು. ನಮ್ಮ ಸಾಲನ್ನು "ಹೂವಿನ ಕಾಲಕೆ ಮಳೆ ಬಂದಾಗ" ಎಂದು ಬದಲಿಸಿದರೆ ಮಾತ್ರೆಯ ಲೆಕ್ಕ ಕೆಡುವುದಿಲ್ಲ, ಏಳನೆಯ ಅಕ್ಷರಕಾಲಕ್ಕೆ "ದಾ" ಬಂದು ಎತ್ತರದ ಸ್ವರಕ್ಕೆ ತೆರೆದ ಬಾಯಿ ಸಿಗುತ್ತದೆ. ಜನಪದ ಹಾಡುಗಳಲ್ಲಿ ಸಾಲಿನ ಕೊನೆಗೆ ಸೇರುವ ಓಕಾರ, ತಂದಾನಗಳನ್ನು ಬರಿಯ ತುಂಬುಪದವೆಂದು ಕಡೆಗಣಿಸಬಾರದು, ಹಾಡುವವರ ಗಂಟಲಿಗೆ ಬಿಡುವು ಕೊಡುವ ಏರ್ಪಾಡು ಅದು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ನಟರು ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ಪ್ರೇಕ್ಷಕರಿಗೂ ಹಾಡನ್ನು ಮುಟ್ಟಿಸಬೇಕಿತ್ತು. ಆಕಾರ, ಓಕಾರದಂಥ ತೆರೆದ ಸ್ವರಾಕ್ಷರಗಳ ಬೆಂಬಲವಿಲ್ಲದೆ ಅದು ಆಗುವ ಕೆಲಸವಲ್ಲ.

ಉಸಿರು ಮತ್ತು ಶ್ರುತಿ

ನಿಮಿಷಕ್ಕೆ 60 ಅಕ್ಷರಕಾಲದ ಗತಿಯಲ್ಲಿ ಆದಿತಾಳದ ಒಂದು ಆವರ್ತಕ್ಕೆ ಎಂಟು ಸೆಕೆಂಡು ಬೇಕು. ಎಂಟು ಸೆಕೆಂಡಿನ ಸಾಲನ್ನು ಒಂದೇ ಉಸಿರಿನಲ್ಲಿ ಹಾಡುವುದು ಸಾಧ್ಯ, ಎರಡು ಆವರ್ತಗಳನ್ನು ಹಾಗೆ ಹಾಡುವುದು ಸಾಧನೆಯಿಲ್ಲದವರಿಗೆ ಅಸಾಧ್ಯವೆಂದೇ ಹೇಳಬೇಕು. ಸಾಲು ಬರೆದ ಕೂಡಲೇ ಉಸಿರಿನ ಜಾಗಕ್ಕೆ ಒಂದು ಗೆರೆ ಹಾಕಿಕೊಳ್ಳಿ. ಗೆರೆ ವಿಭಕ್ತಿ ಪ್ರತ್ಯಯ ಮುಗಿದ ಮೇಲೆ ಬರಬೇಕು, ಸಮಾಸದ ನಡುವೆ ಬರಬಾರದು. ಸಂಧಿಯ ವಿಷಯದಲ್ಲಿ ವಿಶೇಷ ಗಮನ ಬೇಕು. "ಊರಿನಲ್ಲಿ ಇಲ್ಲ" ಎಂಬಲ್ಲಿ ನಡುವೆ ಉಸಿರಾಡಲು ಎಡೆಯಿದೆ, "ಊರಿನಲ್ಲಿಲ್ಲ" ಎಂದು ಸಂಧಿ ಮಾಡಿದರೆ ಆ ಎಡೆ ಮುಚ್ಚಿಹೋಗುತ್ತದೆ. ಬರವಣಿಗೆಯಲ್ಲಿ ಸಂಧಿ ಬಿಡಿಸುವುದು ಸಡಿಲವೆನಿಸಿದರೂ ಹಾಡಿನಲ್ಲಿ ಹಲವು ಸಲ ಅದೇ ಸರಿ.

ಶ್ರುತಿಯನ್ನು ಕರೋಕೆಯಿಂದ ಆರಿಸಿಕೊಳ್ಳಬೇಡಿ, ಅದು ಬೇರೊಬ್ಬರ ಕಂಠಕ್ಕೆ ಹೊಂದಿಸಿದ ಶ್ರುತಿ. ತಂಬೂರಿ ಆ್ಯಪ್ ಹಾಕಿಕೊಂಡು, ನಿಮಗೆ ಆಯಾಸವಿಲ್ಲದೆ ನಿಲ್ಲುವ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರಗಳನ್ನು ಹುಡುಕಿ, ಹಾಡಿನ ವ್ಯಾಪ್ತಿ ಅದರೊಳಗೆ ಬರುವಂತೆ ಷಡ್ಜವನ್ನು (ಆಧಾರದ ಸ ಸ್ವರವನ್ನು) ಇಡಿ. ಬೆಳಗಿನ ಮಂದ್ರಸ್ಥಾಯಿ (ಕೆಳಗಿನ ಸ್ವರಗಳ) ಸಾಧನೆಯ ಜೊತೆಗೆ ತುಟಿ ಅದುರಿಸುತ್ತಾ ಸ್ವರ ಹಾಡುವುದು, ತೆಳುವಾದ ಸ್ಟ್ರಾ ಮೂಲಕ ನಾದ ಹೊರಡಿಸುವುದು ಒಳ್ಳೆಯ ಅಭ್ಯಾಸಗಳು, ಇವು ಧ್ವನಿತಂತುಗಳ ಮೇಲೆ ಒತ್ತಡ ಬೀಳದಂತೆ ಅವನ್ನು ಸಜ್ಜುಗೊಳಿಸುತ್ತವೆ. ಕುಡಿದ ನೀರು ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ, ದೇಹದ ಮೂಲಕವೇ ತೇವ ತಲುಪಬೇಕು. ಆದ್ದರಿಂದ ವೇದಿಕೆ ಹತ್ತುವ ಮುನ್ನ ಗಟಗಟನೆ ಕುಡಿಯುವುದಕ್ಕಿಂತ ದಿನವಿಡೀ ಸ್ವಲ್ಪಸ್ವಲ್ಪ ಕುಡಿಯುವುದು ಮೇಲು. ಗಂಟಲು ಕಟ್ಟಿದಾಗ ಪಿಸುಮಾತಿನಲ್ಲಿ ಮಾತಾಡುವುದು ವಿಶ್ರಾಂತಿಯಲ್ಲ, ಸುಮ್ಮನಿರುವುದೇ ವಿಶ್ರಾಂತಿ. ಮೂರು ವಾರವಾದರೂ ಧ್ವನಿ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು.

ಹಾಡು ಯಾರದು

ನಮ್ಮ ಭಾಗದಲ್ಲಿ ಹಳೆಯ ಮಟ್ಟುಗಳಿಗೆ ಕೊರತೆಯಿಲ್ಲ. ಕೈವಾರದ ತಾತಯ್ಯನವರು (ಯೋಗಿ ನಾರೇಯಣ) ಕನ್ನಡ, ತೆಲುಗು ಎರಡರಲ್ಲೂ ರಚಿಸಿದ ತತ್ವಪದಗಳನ್ನು ಭಜನೆಯವರು ಇಂದಿಗೂ ಹಾಡುತ್ತಾರೆ. ಪಲ್ಲವಿಯನ್ನು ಎಷ್ಟು ಚಿಕ್ಕದಾಗಿ, ಎಲ್ಲರೂ ದನಿಗೂಡಿಸುವಂತೆ ಕಟ್ಟಬಹುದು ಎಂಬುದನ್ನು ಅಲ್ಲಿ ಕುಳಿತು ಕಲಿಯಬಹುದು. ಸಿರಾ ಕಡೆಯ ಕಾಡುಗೊಲ್ಲರ ಗಣೆವಾದನವಾದರೋ (ಗಣೆ ಎಂದರೆ ಬಿದಿರಿನ ಉದ್ದನೆಯ ಕೊಳಲು) ಅವರ ದೈವ ಜುಂಜಪ್ಪನ ಆರಾಧನೆಗೆ ಸೇರಿದ್ದು. ಅದನ್ನು ರೆಕಾರ್ಡ್ ಮಾಡಿ ನಮ್ಮ ಹಾಡಿನೊಳಗೆ ಸೇರಿಸುವ ಮೊದಲು ಅವರ ಒಪ್ಪಿಗೆ ಪಡೆಯುವುದು, ಅವರ ಹೆಸರನ್ನು ಹಾಡಿನ ವಿವರದಲ್ಲಿ ಹಾಕುವುದು, ಹಣ ಬಂದರೆ ಪಾಲು ಕೊಡುವುದು ನಮ್ಮ ಕರ್ತವ್ಯ.

ನಮ್ಮ ಸ್ವಂತ ರಚನೆಯ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆ ಸಾಹಿತ್ಯ, ಮಟ್ಟು, ಧ್ವನಿಮುದ್ರಣ ಈ ಮೂರನ್ನೂ ಪ್ರತ್ಯೇಕ ಕೃತಿಗಳೆಂದು ನೋಡುತ್ತದೆ. ಹಕ್ಕು ರಚನೆಯೊಡನೆಯೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಸಾಹಿತ್ಯ ಮತ್ತು ಮಟ್ಟಿನ ಹಕ್ಕು ಕರ್ತೃವಿನ ಜೀವಿತಾವಧಿಯ ನಂತರ 60 ವರ್ಷ ಉಳಿಯುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದು ಲಿಖಿತವಾಗಿಯೇ ಆಗಬೇಕು, ಪತ್ರದಲ್ಲಿ ಅವಧಿ ಹೇಳದಿದ್ದರೆ ಅದನ್ನು ಐದು ವರ್ಷವೆಂದು ಪರಿಗಣಿಸಲಾಗುತ್ತದೆ. ಯಾವುದಾದರೂ ಚಾನೆಲ್ಲಿನವರು ಮುದ್ರಿತ ಕರಾರಿಗೆ ಸಹಿ ಕೇಳಿದಾಗ ಈ ಮೂರು ಕೃತಿಗಳಲ್ಲಿ ಯಾವುದನ್ನು, ಎಷ್ಟು ಕಾಲಕ್ಕೆ ಕೇಳುತ್ತಿದ್ದಾರೆ ಎಂಬುದನ್ನು ಓದಿ ತಿಳಿಯದೆ ಸಹಿ ಹಾಕಬಾರದು. ಗೆಳೆಯರು ಕೂಡಿ ಕಟ್ಟಿದ ಹಾಡಾದರೆ, ಯಾರು ಸಾಹಿತ್ಯ ಬರೆದರು, ಯಾರು ಮಟ್ಟು ಹಾಕಿದರು, ಯಾರಿಗೆ ಎಷ್ಟು ಪಾಲು ಎಂಬುದನ್ನು ಹಾಡು ಹೊರಬರುವ ಮೊದಲೇ ದಿನಾಂಕ ಸಹಿತ ಒಂದು ಹಾಳೆಯಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ಒಬ್ಬೊಬ್ಬರೂ ಒಂದು ಪ್ರತಿ ಇಟ್ಟುಕೊಳ್ಳಬೇಕು.