ಪದ ಪರಿಚಯ: ಕೌಂಟರ್‌ಬ್ಯಾಲೆನ್ಸ್ ಸ್ಕ್ವಾಟ್

ಎರಡೂ ಕೈಗಳಲ್ಲಿ ಹಗುರವಾದ ತೂಕವೊಂದನ್ನು ಹಿಡಿದು, ಕೆಳಗೆ ಕೂರುತ್ತ ಹೋದಂತೆ ಅದನ್ನು ಭುಜದ ಮಟ್ಟದಲ್ಲಿ ಮುಂದಕ್ಕೆ ಚಾಚುವ ಬಸ್ಕಿಗೆ ಕೌಂಟರ್‌ಬ್ಯಾಲೆನ್ಸ್ ಸ್ಕ್ವಾಟ್ ಎನ್ನುತ್ತಾರೆ. ಬರಿಗೈಯಲ್ಲೇ ಸರಿಯಾಗಿ ಕೂರಲಾಗದವರಿಗೆ ಭಾರ ಬೇರೆ ಏಕೆ ಎಂದು ದಾವಣಗೆರೆಯ ಜಿಮ್‌ಗೆ ಹೊಸದಾಗಿ ಸೇರಿದವರು ಕೇಳುವುದು ಸಹಜವೇ. ಆದರೆ ಈ ವ್ಯಾಯಾಮದಲ್ಲಿ ತೂಕ ಹಿಡಿದರೆ ಕೂರುವುದು ಸುಲಭವಾಗುತ್ತದೆ.

ನಾವು ಕೂರುವಾಗ ಸೊಂಟ ಹಿಂದಕ್ಕೆ ಸರಿಯುತ್ತದೆ. ದೇಹದ ಗುರುತ್ವಕೇಂದ್ರ ಪಾದಗಳ ಮೇಲೆಯೇ ಉಳಿಯಬೇಕಾದರೆ ಮಂಡಿ ಮುಂದೆ ಬರಬೇಕು, ಇಲ್ಲವೇ ಬೆನ್ನು ಬಾಗಬೇಕು. ಕಣಕಾಲಿನ ಕೀಲು ಬಿಗಿಯಾಗಿರುವವರಲ್ಲಿ ಮಂಡಿ ಸಾಕಷ್ಟು ಮುಂದೆ ಬರುವುದಿಲ್ಲವಾದ್ದರಿಂದ ಅವರು ಹಿಮ್ಮಡಿ ಎತ್ತುತ್ತಾರೆ ಅಥವಾ ಹಿಂದಕ್ಕೆ ವಾಲುತ್ತಾರೆ. 60 ಕೆ.ಜಿ. ತೂಕದ ವ್ಯಕ್ತಿಯೊಬ್ಬರು 5 ಕೆ.ಜಿ. ಬಿಲ್ಲೆಯನ್ನು ಪಾದದ ನಡುಭಾಗದಿಂದ 60 ಸೆಂ.ಮೀ. ಮುಂದೆ ಹಿಡಿದರೆ ಒಟ್ಟು ಗುರುತ್ವಕೇಂದ್ರ ಸುಮಾರು 4.6 ಸೆಂ.ಮೀ. ಮುಂದಕ್ಕೆ ಸರಿಯುತ್ತದೆ; ಅಷ್ಟರ ಮಟ್ಟಿಗೆ ಸೊಂಟ ಹಿಂದೆ ಹೋಗಲು, ಬೆನ್ನು ನೆಟ್ಟಗಿರಲು ಅವಕಾಶ ದೊರೆಯುತ್ತದೆ.

ಈ ಉಪಾಯ ನಮ್ಮ ಊರಿಗೆ ತೀರಾ ಹೊಸದೇನಲ್ಲ. ದುರ್ಗಾಂಬಿಕಾ ಜಾತ್ರೆಯ ಕುಸ್ತಿಗೆ ಸಾಮು ಮಾಡುವ ಪೈಲ್ವಾನರು ಬೈಠಕ್ ಹೊಡೆಯುವಾಗ ಬೀಸುವ ಕೈಗಳೂ ಸಮತೋಲ ಕಾಯುವ ಕೆಲಸವನ್ನೇ ಮಾಡುತ್ತವೆ. ಆದರೆ ಗರಡಿಯ ಬೈಠಕ್‌ನಲ್ಲಿ ತಳ ಮುಟ್ಟಿದಾಗ ಹಿಮ್ಮಡಿ ಏಳುವುದು ರೂಢಿ. ಇಲ್ಲಿ ಅದು ನೆಲ ಬಿಡಬಾರದು.

ಪಾದಗಳನ್ನು ಭುಜದಷ್ಟು ಅಗಲಕ್ಕಿಟ್ಟು, ಬೆರಳುಗಳನ್ನು ತುಸು ಹೊರಕ್ಕೆ ತಿರುಗಿಸಿ, ಎದೆಯ ಬಳಿ ತೂಕ ಹಿಡಿದು ನಿಲ್ಲಬೇಕು. ಉಸಿರು ಒಳಗೆಳೆದುಕೊಂಡು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ಸೊಂಟವನ್ನು ಹಿಂದಕ್ಕೆ ಒಯ್ಯುತ್ತ ಕುಳಿತಂತೆ ತೋಳುಗಳನ್ನು ನೇರವಾಗಿ ಚಾಚಬೇಕು. ಮಂಡಿಗಳು ಕಾಲ್ಬೆರಳುಗಳ ದಿಕ್ಕಿನಲ್ಲೇ ಸಾಗಬೇಕು. ಅವು ಒಳಕ್ಕೆ ಕುಸಿಯುವುದು ಹೊಸಬರಲ್ಲಿ ಬಹಳ ಸಾಮಾನ್ಯ. ಕೆಳಬೆನ್ನು ಗುಂಡಗಾಗಲು ತೊಡಗಿದರೆ ಆ ದಿನದ ಆಳ ಅಲ್ಲಿಗೇ ಸಾಕು, ತೊಡೆ ನೆಲಕ್ಕೆ ಸಮಾನಾಂತರವಾಗಲೇಬೇಕೆಂಬ ಹಟ ಬೇಡ. ಉಸಿರು ಬಿಡುತ್ತ, ಇಡೀ ಪಾದದಿಂದ ನೆಲವನ್ನು ಒತ್ತಿ ಏಳುವಾಗ ತೂಕವನ್ನು ಮತ್ತೆ ಎದೆಗೆ ತಂದುಕೊಳ್ಳಬೇಕು.

ತೂಕ 2ರಿಂದ 5 ಕೆ.ಜಿ. ಇದ್ದರೆ ಸಾಕು. ಅದಕ್ಕಿಂತ ಭಾರವಾದದ್ದನ್ನು ಹಿಡಿಯುವುದು ಶಕ್ತಿ ಪ್ರದರ್ಶನವಾದೀತೇ ಹೊರತು ಕಾಲಿಗೆ ಪಾಠವಾಗದು, ಏಕೆಂದರೆ ತೊಡೆಗಿಂತ ಮೊದಲು ಭುಜ ಸೋಲುತ್ತದೆ. ಭುಜದ ನೋವಿರುವವರು ಇದನ್ನು ಬಿಡುವುದೇ ಮೇಲು. ಉಳಿದ ವ್ಯಾಯಾಮಗಳಲ್ಲಿ ತೂಕ ಏರಿಸುತ್ತ ಹೋದರೆ, ಇದರಲ್ಲಿ ಇಳಿಸುತ್ತ ಹೋಗಿ ಬರಿಗೈಗೆ ಬರುವುದೇ ಪ್ರಗತಿ. ಆ ಬಳಿಕ ತೂಕವನ್ನು ಎದೆಗೊತ್ತಿ ಹಿಡಿಯುವ ಗಾಬ್ಲೆಟ್ ಸ್ಕ್ವಾಟ್‌ಗೆ ಹೋಗಬಹುದು. ಭಾರವನ್ನು ಭಾರವಾಗಿಯೇ ಹೊರುವುದು ಅಲ್ಲಿಂದ ಆರಂಭ.